ಮೊದಲ ಪದ ಹೇಳುವ ಕೆಲಸ

"ಸೆಪ್ಟೆಂಬರ್ ಹದಿನೆಂಟು, ಶನಿವಾರ. ಲಾಂಡ್ರಿ ಎರಡು ಲೋಡ್. ಮೇಲಿನ ಮನೆಯ ಮೇಡಂ ಮಾತಾಡಿಸಿದರು." ನನ್ನ ಡೈರಿಯಲ್ಲಿ ಅವರ ವಿಷಯ ಮೊದಲು ಬರುವುದು ಹೀಗೆ, ಒಂದೂವರೆ ಸಾಲಿನಲ್ಲಿ.

ಆಗ ನಾನು ಅಮೆರಿಕಾದ ಪಾರ್ಸಿಪನಿ ಊರಿನ ಒಂದು ಆಫೀಸಿನಲ್ಲಿ ಟೆಸ್ಟರ್ ಆಗಿದ್ದೆ. ಬರುವ ಜನವರಿಗೆ ಹೊಸ ಶತಮಾನ ಬಂದಾಗ ಯಾವ ಕಂಪ್ಯೂಟರ್ ಪ್ರೋಗ್ರಾಂ ತಾರೀಕನ್ನು ತಪ್ಪಾಗಿ ಓದುತ್ತದೆ ಎಂದು ಹುಡುಕಿ, ತಪ್ಪುಗಳ ಪಟ್ಟಿ ಮಾಡಿ ಕೊಡುವುದು ನನ್ನ ಕೆಲಸ. ಅಕ್ಕ ಮತ್ತು ಭಾವನ ಅಪಾರ್ಟ್‌ಮೆಂಟಿನಲ್ಲಿ ಇರುತ್ತಿದ್ದೆ. ಆ ಶನಿವಾರ ನೆಲಮಾಳಿಗೆಯ ಲಾಂಡ್ರಿ ಕೋಣೆಯಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಿದ್ದಾಗ, ಬೆಳ್ಳಿಗೂದಲನ್ನು ಎತ್ತಿ ಕಟ್ಟಿದ್ದ ಒಬ್ಬ ಹೆಂಗಸು ಬಂದು ಏನು ಬರೆಯುತ್ತಿದ್ದೀಯೆಂದು ಕೇಳಿದರು.

"ಯಾವ ಡ್ರೈಯರ್ ಸರಿಯಾಗಿ ಒಣಗಿಸುತ್ತದೆ ಅಂತ ಲೆಕ್ಕ ಇಡುತ್ತಿದ್ದೇನೆ. ಮೂರನೆಯದು ಒಳ್ಳೆಯದು. ಐದನೆಯದರಲ್ಲಿ ಹಾಕಿದ ಹತ್ತರಲ್ಲಿ ಏಳು ಸಲ ಬಟ್ಟೆ ಹಸಿಯಾಗೇ ಬಂದಿದೆ."

"ಒಂಬತ್ತು ವರ್ಷದಿಂದ ನಾನು ಐದನೆಯದಕ್ಕೇ ಹಾಕುತ್ತಿದ್ದೇನೆ," ಎಂದರು ಅವರು. ಸ್ವಲ್ಪ ಹೊತ್ತು ನನ್ನ ಗೀಟುಗಳನ್ನು ನೋಡಿ, "ನಿನಗೆ ಕಂಪ್ಯೂಟರ್ ಬರುತ್ತದೆಯೇ?" ಎಂದು ಕೇಳಿದರು. ಬರುತ್ತದೆ ಎಂದೆ. "ನನ್ನ ಗಂಡ ಒಂದು ಪ್ರೊಜೆಕ್ಟರ್ ತಂದು ಇಟ್ಟುಕೊಂಡಿದ್ದಾರೆ. ಅದನ್ನು ಹೇಗೆ ಹಚ್ಚುವುದೆಂದು ನಮ್ಮ ಹನ್ನೆರಡು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ."

ಹನ್ನೆರಡು ಜನ ಎಂದರೆ ಅವರ ನಾಟಕ ಮಂಡಳಿ. ಮೇಡಂ ಹಾಡುಗಾರ್ತಿ, ಕ್ಯೂಬಾದವರು. ಅವರ ಗಂಡ, ನನಗೆ ಸರ್, ಪಿಯಾನೊ ನುಡಿಸುವವರು, ಸ್ಪೇನಿನವರು. ಒಂದಷ್ಟು ಮಾತು, ಒಂದು ಹಾಡು, ಮತ್ತೆ ಮಾತು, ಮತ್ತೆ ಹಾಡು, ನಡುವೆ ಒಂದು ಕುಣಿತ, ಹೀಗೆ ಸಾಗುವ ಸ್ಪ್ಯಾನಿಷ್ ಸಂಗೀತ ನಾಟಕಗಳನ್ನು ಬಿಟ್ಟು ಬೇರೇನನ್ನೂ ಅವರು ಆಡುತ್ತಿರಲಿಲ್ಲ. ಅಂಥ ನಾಟಕವನ್ನು ಮೇಡಂ ಕ್ಯೂಬಾದ ಉಚ್ಚಾರದಲ್ಲಿ ಸಾರ್ಸುವೇಲಾ ಎನ್ನುತ್ತಿದ್ದರು, ಸರ್ ಸ್ಪೇನಿನ ಉಚ್ಚಾರದಲ್ಲಿ ಥಾರ್ಥುವೇಲಾ ಎನ್ನುತ್ತಿದ್ದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಈ ಒಂದು ವಿಷಯದಲ್ಲಿ ಒಬ್ಬರು ಇನ್ನೊಬ್ಬರಿಗೆ ಸೋತಿರಲಿಲ್ಲ.

ಮನೆಗೆ ಬಂದು ಅಕ್ಕನಿಗೆ ವಿವರಿಸಿದೆ.

"ಅಂದ್ರ ನಮ್ಮ ಕಂಪನಿ ನಾಟಕನ ಆತಲ್ಲ," ಎಂದಳು ಅಕ್ಕ.

ಭಾವ ಮೈಸೂರಿನವರು. "ಧಾರವಾಡದವ್ರನ್ನ ಅಮೆರಿಕಾಗ್ ಬಂದ್ರೂ ನಾಟಕ ಬಿಡಲ್ಲ ನೋಡು," ಎಂದರು ಪೇಪರಿನ ಹಿಂದಿನಿಂದ.

ಅಕ್ಟೋಬರ್ ಎರಡರಿಂದ ಪ್ರತಿ ಶನಿವಾರ ಮಧ್ಯಾಹ್ನ ಅವರ ಕಾರಿನಲ್ಲಿ ಡೋವರ್ ಊರಿಗೆ, ಒಂದು ಚರ್ಚಿನ ಹಾಲ್‌ಗೆ ಹೋಗತೊಡಗಿದೆ. ನನ್ನ ಕೆಲಸ ಸುಲಭದ್ದು. ಸ್ಪ್ಯಾನಿಷ್ ಬಾರದ ಪ್ರೇಕ್ಷಕರಿಗಾಗಿ ಪ್ರತಿ ಸಾಲಿನ ಇಂಗ್ಲಿಷ್ ಅರ್ಥವನ್ನು ವೇದಿಕೆಯ ಮೇಲಿನ ಪರದೆಗೆ ಬಿಡಬೇಕು. ಸ್ಲೈಡಿಗೆ ಎರಡು ಸಾಲಿನಂತೆ ಒಟ್ಟು ಇನ್ನೂರ ಹದಿನಾಲ್ಕು ಸ್ಲೈಡ್. ಹಾಡುವವರು ಸ್ಲೈಡಿನ ಮೊದಲ ಸಾಲು ಎತ್ತಿದ ಕೂಡಲೇ ನಾನು ಸ್ಪೇಸ್ ಬಾರ್ ಒತ್ತಬೇಕು. ನನಗೆ ಭಾಷೆ ಬಾರದು. ಆದ್ದರಿಂದ ಪ್ರತಿ ಸಾಲಿನ ಸ್ಪ್ಯಾನಿಷ್ ಪದಗಳನ್ನು ಕಿವಿಗೆ ಕೇಳಿದಂತೆ ಕನ್ನಡದಲ್ಲಿ ಬರೆದುಕೊಂಡೆ. ಸರ್ ಅದನ್ನು ನೋಡಿ, ಇದೇನು ದುಂಡು ದುಂಡಾಗಿ ಚುರ್ರೋ ತಿಂಡಿ ಸುರುಳಿ ಸುತ್ತಿದ ಹಾಗಿದೆ ಎಂದರು. ನಾನು ಓದಿ ತೋರಿಸಿದಾಗ ಹುಬ್ಬೇರಿಸಿ, "ನನ್ನ ಹೆಂಡತಿಗಿಂತ ನೀನು ಸ್ಪಷ್ಟ," ಎಂದರು. ಮೇಡಂ ಬೀಸಣಿಗೆಯಿಂದ ಅವರ ಭುಜಕ್ಕೆ ತಟ್ಟಿದರು.

ಮೇಡಂ ಅಭ್ಯಾಸ ಮಾಡಿಸುವ ರೀತಿಗೆ ಒಂದು ನಿಯಮವಿತ್ತು. ಮೊದಲು ಫ್ಲಾಸ್ಕಿನ ಕಾಫಿ, ಸೀಬೆಹಣ್ಣಿನ ಜಾಮ್ ತುಂಬಿದ ಪಫ್. ಆಮೇಲೆ ಪ್ರತಿ ಹಾಡನ್ನೂ ರಾಗವಿಲ್ಲದೆ, ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ ಆಡಬೇಕು. ಮಾತಾಗಿ ಸರಿ ಬಾರದಿದ್ದರೆ ಪಿಯಾನೊ ಮುಚ್ಚಳ ತೆರೆಯುವಂತಿಲ್ಲ. ನಾಯಕನ ಪಾತ್ರದವರು ವಾರವಿಡೀ ಶಾಲೆಯ ಬಸ್ ಓಡಿಸುವವರು. ಅವರಿಗೆ ಮೇಡಂ, "ನೀನು ಅವಳನ್ನು ಪ್ರೀತಿಸುತ್ತೇನೆ ಅಂತ ಹೇಳುತ್ತಿದ್ದೀಯೋ, ಸೀಟಿನಲ್ಲಿ ಕೂತುಕೋ ಅಂತಲೋ?" ಎಂದು ಕೇಳಿದ್ದು ಅಕ್ಟೋಬರ್ ಒಂಬತ್ತರ ಪುಟದಲ್ಲಿದೆ.

ಮೇಡಂಗೆ ಎಪ್ಪತ್ತೊಂದು. ಈಗ ಅವರು ಹೆಚ್ಚಾಗಿ ಕಲಿಸುತ್ತಿದ್ದರಷ್ಟೇ. ಆದರೆ ಈ ನಾಟಕದಲ್ಲಿ ಹೂ ಮಾರುವ ಹೆಂಗಸಿನ ಒಂದು ಹಾಡನ್ನು ತಮಗಾಗಿ ಇಟ್ಟುಕೊಂಡಿದ್ದರು. ಸಂಜೆ ಅಂಗಡಿ ಎತ್ತುವಾಗ ಉಳಿದ ಒಂದೇ ಒಂದು ಗೊಂಚಲನ್ನು ಯಾರಿಗೂ ಮಾರದೆ ತಾನೇ ಮುಡಿದುಕೊಳ್ಳುವ ಹೆಂಗಸು. ಮೂವತ್ತೊಂದು ಸಾಲು, ಹದಿನಾರು ಸ್ಲೈಡ್. ಮಂಡಳಿ ಕಟ್ಟಿದ ಮೊದಲ ವರ್ಷ ಅವರು ಹಾಡಿದ್ದು ಅದೇ ಹಾಡು. ಇದೊಂದು ಸಲ ಹಾಡಿ ನಿಲ್ಲಿಸುತ್ತೇನೆ ಎಂದು ಕಾರಿನಲ್ಲಿ ಹೇಳಿದಾಗ ಸರ್ ವೈಪರ್ ಹಾಕಿದರು. ಆಗ ಮಳೆ ಬರುತ್ತಿರಲಿಲ್ಲ.

ಆ ಹಾಡಿನಲ್ಲಿ ನನ್ನ ಸ್ಲೈಡುಗಳು ಹೊಂದುತ್ತಿರಲಿಲ್ಲ. ಮೇಡಂ ಒಮ್ಮೆ ಸಾಲು ಹಾರಿಸುತ್ತಿದ್ದರು, ಒಮ್ಮೆ ಮೂರನೆಯದರ ಜಾಗದಲ್ಲಿ ಒಂಬತ್ತನೆಯದನ್ನು ಹಾಡುತ್ತಿದ್ದರು. ಪದ ಸಿಗದ ಕಡೆ ಬರೀ ಸ್ವರ ಹಿಡಿದು ಬೀಸಣಿಗೆ ಬಿಚ್ಚುತ್ತಿದ್ದರು. ತಪ್ಪು ನನ್ನದೇ ಇರಬೇಕೆಂದು ಗೀಟು ಹಾಕತೊಡಗಿದೆ. ಆರು ಶನಿವಾರದ ಲೆಕ್ಕ ಹೀಗಿದೆ: ಮೂರು, ನಾಲ್ಕು, ನಾಲ್ಕು, ಏಳು, ಆರು, ಒಂಬತ್ತು.

ನವೆಂಬರ್ ಹದಿಮೂರರಂದು ನಾನು ಮಾಡಿದ್ದನ್ನು ಈಗ ಬರೆಯಲೂ ಕೈ ಹಿಂಜರಿಯುತ್ತದೆ. ಆಫೀಸಿನಲ್ಲಿ ಆರು ವಾರ ಟೆಸ್ಟ್ ಮಾಡಿದ ಮೇಲೆ ಒಂದು ವರದಿ ಟೈಪ್ ಮಾಡಿ, ಟೀಮಿನ ಎಲ್ಲರಿಗೂ ಒಂದೊಂದು ಪ್ರತಿ ಕೊಡುವುದು ನಮ್ಮ ರೂಢಿ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎಲ್ಲಿ ತಪ್ಪಿದೆಯೆಂದು ಗೊತ್ತಾಯಿತಲ್ಲ ಎಂದು ಸಂತೋಷಪಡುತ್ತಾರೆ. ಹಾಗೇ ಇಲ್ಲಿಯೂ ಒಂದು ವರದಿ ಮಾಡಿದೆ. ಹನ್ನೆರಡು ಪ್ರತಿ, ಅಂದವಾದ ಕೋಷ್ಟಕ: ತಾರೀಕು, ಸ್ಲೈಡ್ ನಂಬರ್, ಯಾರು, ಏನು. ಹೆಸರಿನ ಬದಲು ಒಂದಕ್ಷರ. ಕಾಫಿಯ ಹೊತ್ತಿನಲ್ಲಿ ಎಲ್ಲರ ಕೈಗೂ ಹಂಚಿದೆ.

ಪಫ್ ತಿನ್ನುತ್ತಿದ್ದವರು ನಿಲ್ಲಿಸಿದರು. ಬಸ್ ಓಡಿಸುವವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ಹೋದರು.

ಮೇಡಂ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. "ಇದರಲ್ಲಿ ಎಂ ಅಂದರೆ ನಾನೋ?"

"ಹೌದು ಮೇಡಂ."

"ಮೂವತ್ತಮೂರು."

"ಆರೂ ಶನಿವಾರ ಸೇರಿಸಿ," ಎಂದೆ, ಅದರಿಂದ ಸಮಾಧಾನವಾದೀತು ಎಂಬಂತೆ.

ಅವರ ಬೆರಳು ಕೋಷ್ಟಕದ ಕೆಳಗಿನ ಟಿಪ್ಪಣಿಯ ಮೇಲೆ ನಿಂತಿತು. ಅಲ್ಲಿ ನಾನು ಬರೆದದ್ದು: ಪಿಯಾನೊ, ಹನ್ನೊಂದು ಕಡೆ ಅದೇ ತುಣುಕನ್ನು ಎರಡು ಸಲ ನುಡಿಸಿದ್ದಾರೆ. ನಾಯಕ, ಎಂಟು ಕಡೆ ತನ್ನದಲ್ಲದ ಸಾಲಿಗೆ ತುಟಿ ಆಡಿಸಿದ್ದಾರೆ. ಓದುತ್ತಿದ್ದ ಅವರ ಮುಖ ನೋಡಿದಾಗ ನನಗೆ ತಿಳಿಯಿತು. ಇಲ್ಲಿ ನಾನು ತಪ್ಪುಗಳೆಂದು ಬರೆದದ್ದು ತಪ್ಪುಗಳಾಗಿರಲಿಲ್ಲ, ಮೇಡಂಗೆ ಸಾಲು ನೆನಪಾಗಲೆಂದು ಕೊಟ್ಟ ಆಸರೆಯಾಗಿದ್ದವು. ಮೇಡಂಗೆ ಮರೆವು ಬರುತ್ತಿರುವುದು ಎಲ್ಲರಿಗೂ ಗೊತ್ತಿತ್ತು. ತಮಗೆ ಗೊತ್ತಿದೆ ಎಂಬುದು ಮೇಡಂಗೆ ಗೊತ್ತಾಗದ ಹಾಗೆ ಎಲ್ಲರೂ ನೋಡಿಕೊಂಡಿದ್ದರು. ನಾನು ಅದಕ್ಕೆ ನಂಬರ್ ಹಾಕಿ ಹಂಚಿದ್ದೆ.

ಮೇಡಂ ಗಂಡನ ಕಡೆ ತಿರುಗಿ, "ಹನ್ನೊಂದು ಸಲ?" ಎಂದರು. ಸರ್ ಪಿಯಾನೊದ ಮೇಲಿನ ಧೂಳನ್ನು ತೋಳಿನಿಂದ ಒರೆಸುತ್ತಿದ್ದರು. ಮೇಡಂ ಕಾಗದವನ್ನು ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡರು. "ಸರಿ. ಹೂವಿನ ಹಾಡನ್ನು ತೆಗೆದುಬಿಡೋಣ. ಈಹಾ, ಆ ಹದಿನಾರು ಸ್ಲೈಡ್ ಅಳಿಸು." ಈಹಾ ಎಂದರೆ ಅವರ ಭಾಷೆಯಲ್ಲಿ ಮಗಳೇ ಎಂದು. ಆ ಹೊತ್ತಿನಲ್ಲೂ ಅವರು ಹಾಗೆ ಕರೆಯುವುದನ್ನು ಬಿಟ್ಟಿರಲಿಲ್ಲ.

ಮನೆಯಲ್ಲಿ ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಸೋಮವಾರ ಸಂಜೆ ಅಕ್ಕ ತಟ್ಟೆಯ ಮುಂದೆ ಕೂಡಿಸಿ ಎಲ್ಲ ಕೇಳಿದಳು.

"ರಿಪೋರ್ಟ್ ಕೊಟ್ಟಿಯಾ? ಆ ಮುದುಕಿ ಕೈಯಾಗ?"

"ಎಲ್ಲಾರ ಕೈಯಾಗೂ ಕೊಟ್ಟೆ."

"ನಿನ್ನ ಶಾಣ್ಯಾತನಕ್ಕ ಏನ್ ಅನ್ನೂದು." ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದಳು. "ಅಲ್ಲಾ, ಅವ್ರಲ್ಲೆ ಹಿಂದಿನಿಂದ ಹೇಳಿಕೊಡಾಂವ ಯಾರೂ ಇಲ್ಲೇನು? ಕಂಪನಿ ನಾಟಕದಾಗ ಪರದೆ ಮಗ್ಗಲಕ ಒಬ್ಬಾಂವ ಪುಸ್ತಕ ಹಿಡಕೊಂಡು ಕೂಡ್ತಿದ್ನಲ್ಲ. ಎಂಥಾ ದೊಡ್ಡ ಪಾರ್ಟಿನಾಂವ ಇದ್ರೂ ಅಂವ ಬೇಕಾಗತಿದ್ದ. ನೆನಪದ ಏನು?"

ನೆನಪಿತ್ತು. ಹುಬ್ಬಳ್ಳಿಯಲ್ಲಿ ನಾವಿಬ್ಬರೂ ಪಕ್ಕದ ಕುರ್ಚಿಗಳಲ್ಲಿ ಕುಳಿತು, ರಾಜನ ಮಾತನ್ನು ರಾಜನಿಗಿಂತ ಮೊದಲು ಆ ಪುಸ್ತಕದವನ ಬಾಯಲ್ಲಿ ಕೇಳಿ ನಗುತ್ತಿದ್ದೆವು.

ಕೈ ತೊಳೆದುಕೊಂಡು ಮೇಲಿನ ಮನೆಗೆ ಹೋದೆ. ಬಾಗಿಲು ತೆರೆದದ್ದು ಸರ್. ಕ್ಷಮೆ ಕೇಳಿದೆ. ಒಳಗೆ ಬಾ ಎಂದರು. ಅಕ್ಕ ಹೇಳಿದ್ದನ್ನು ಹೇಳಿದಾಗ ಅವರು ಕುರ್ಚಿ ಎಳೆದುಕೊಂಡು ಕುಳಿತರು.

"ನಮ್ಮಲ್ಲೂ ಇದ್ದ. ವೇದಿಕೆಯ ಮುಂದೆಯೇ ಅವನಿಗೊಂದು ಗೂಡು. ತಲೆ ಮಾತ್ರ ಮೇಲೆ ಬರುತ್ತಿತ್ತು. ನಮ್ಮ ತಂದೆಯ ಕೆಲಸ ಅದೇ." ಅವರು ಮೇಜಿನ ಮೇಲೆ ಬೆರಳಿನಿಂದ ಒಂದು ಗೂಡು ಬರೆದರು. "ಪ್ರತಿ ಸಾಲಿನ ಮೊದಲ ಪದ. ಒಂದು ಉಸಿರು ಮುಂಚೆ. ಮರೆತ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಮರೆತವರಿಗೆ ಮಾತ್ರ ಹೇಳಿದರೆ ಅದು ಅವಮಾನ. ಎಲ್ಲರಿಗೂ, ಎಲ್ಲ ಸಾಲಿಗೂ ಹೇಳಬೇಕು. ಯಾರಿಗೆ ಬೇಕಿತ್ತು, ಯಾರಿಗೆ ಬೇಡವಾಗಿತ್ತು ಎಂದು ಅಪ್ಪ ಮನೆಯಲ್ಲೂ ಬಾಯಿ ಬಿಡುತ್ತಿರಲಿಲ್ಲ."

"ನಾನು ಹೇಳುತ್ತೇನೆ," ಎಂದೆ. "ನನ್ನ ಹತ್ತಿರ ಎಲ್ಲ ಸಾಲೂ ಕನ್ನಡದಲ್ಲಿದೆ."

ಒಳಕೋಣೆಯಿಂದ ಮೇಡಂ ಬಂದರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ ತಿಳಿಯದು. ಮಡಚಿದ ಆ ವರದಿಯನ್ನು ಬಿಚ್ಚಿ, ತಿರುವಿ, ಬಿಳಿ ಬದಿಯನ್ನು ಮೇಲೆ ಮಾಡಿ ನನ್ನ ಮುಂದಿಟ್ಟರು. "ಒಳ್ಳೆಯ ಕಾಗದ. ಇದರ ಮೇಲೇ ಬರೆದುಕೋ. ಆದರೆ ನೀನು ಬಸ್ಸಿನವನಿಗೂ ಹೇಳಿಕೊಡಬೇಕು."

"ಎಲ್ಲರಿಗೂ ಮೇಡಂ."

"ಅವನಿಗೆ ಸ್ವಲ್ಪ ಜೋರಾಗಿ," ಎಂದರು.

ಹಾಡಿನ ಮೂವತ್ತೊಂದು ಮೊದಲ ಪದಗಳನ್ನು ವರದಿಯ ಬೆನ್ನಿಗೆ ಬರೆದುಕೊಂಡೆ. ವಾರಕ್ಕೆ ನಾಲ್ಕು ಸಂಜೆ ಆಫೀಸಿನಿಂದ ನೇರವಾಗಿ ಅವರ ಅಡುಗೆಮನೆಗೆ ಹೋಗುತ್ತಿದ್ದೆ. ಮೇಡಂ ಅಕ್ಕಿ ಆರಿಸುತ್ತಲೋ ಬಟಾಣಿ ಸುಲಿಯುತ್ತಲೋ ಆ ಹಾಡನ್ನು ಮಾತಾಗಿ ಆಡುವರು, ನಾನು ಮೊದಲ ಪದ ಕೊಡುವೆನು. ಆರಂಭದಲ್ಲಿ ನಾನು ಅವರ ಮುಖ ನೋಡಿ, ತಡವರಿಸಿದಾಗ ಮಾತ್ರ ಹೇಳುತ್ತಿದ್ದೆ. ಸರ್ ಪ್ರತಿ ಸಲವೂ ಮೇಜು ಕುಟ್ಟಿ ನಿಲ್ಲಿಸುತ್ತಿದ್ದರು. "ಅವಳ ಮುಖ ನೋಡಬೇಡ. ಉಸಿರು ಕೇಳು." ಮುಖ ನೋಡುವುದನ್ನು ಬಿಡಲು ನನಗೆ ಐದು ಸಂಜೆ ಹಿಡಿಯಿತು.

ಇನ್ನು ಸ್ಲೈಡ್ ಬಿಡುವವರು ಬೇಕಿತ್ತು. ಭಾವನನ್ನು ಕೇಳಿದೆ.

"ನಾನು ಡೇಟಾಬೇಸ್ ನೋಡ್ಕೊಳ್ಳೋನು ಕಣಮ್ಮ. ಸ್ಪೇಸ್ ಬಾರ್ ಒತ್ತಕ್ಕೆ ನಾನೇ ಬೇಕಾ?"

"ಒತ್ರಿ ಸುಮ್ನ," ಎಂದಳು ಅಕ್ಕ. "ಫುಟ್‌ಬಾಲ್ ನೋಡಕೋತ ಇಡೀ ಸಂಡೇ ರಿಮೋಟ್ ಒತ್ತತೀರಲ್ಲ."

ಡಿಸೆಂಬರ್ ಐದು, ಭಾನುವಾರ, ಮಧ್ಯಾಹ್ನ ಮೂರಕ್ಕೆ ನಾಟಕ. ಪ್ರೇಕ್ಷಕರು ನೂರ ಏಳು. ವೇದಿಕೆಯ ಬುಡದಲ್ಲಿ, ಪಿಯಾನೊ ಪಕ್ಕ, ಒಂದು ಹೂಕುಂಡದ ಮರೆಯಲ್ಲಿ ಸ್ಟೂಲಿನ ಮೇಲೆ ನಾನು. ಮೊದಲ ಅಂಕದಲ್ಲಿ ಭಾವ ಎರಡು ಸ್ಲೈಡ್ ಮುಂದೆ ಹೋದರು. ಇಂಗ್ಲಿಷ್ ಓದುವವರು ತಮಾಷೆಗೆ ಮೊದಲೇ ನಕ್ಕರು, ಸ್ಪ್ಯಾನಿಷ್ ಬಲ್ಲವರು ಆಮೇಲೆ ನಕ್ಕರು. ಬಸ್ಸಿನವರು ಎರಡು ನಗುವೂ ತಮ್ಮದೇ ಎಂದು ಎದೆ ಉಬ್ಬಿಸಿದರು.

ಎರಡನೆಯ ಅಂಕದಲ್ಲಿ ಮೇಡಂ ಜಾಲರಿ ಶಾಲು ಹೊದ್ದು, ಕೆಂಪು ಕಾರ್ನೇಷನ್ ಬುಟ್ಟಿ ಹಿಡಿದು ಬಂದರು. ಸರ್ ನುಡಿಸತೊಡಗಿದರು. ನಾನು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಮೇಡಂ ಅವರ ಉಸಿರನ್ನಷ್ಟೇ ಕೇಳಿದೆ. ಮೊದಲ ಪದ ಕೊಟ್ಟೆ. ಅವರು ಹಾಡಿದರು. ಎರಡನೆಯದು. ಮೂರನೆಯದು. ಕೆಲವು ಕಡೆ ನನ್ನ ಪದದ ಬಾಲದಲ್ಲೇ ಅವರ ದನಿ ಏಳುತ್ತಿತ್ತು, ಕೆಲವು ಕಡೆ ಒಂದು ಕ್ಷಣ ಬಿಟ್ಟು. ಪಿಯಾನೊ ಎಲ್ಲೂ ಹಿಂದಕ್ಕೆ ಹೋಗಲಿಲ್ಲ. ಮೂವತ್ತೊಂದನೆಯದನ್ನು ಕೊಟ್ಟ ಮೇಲೆ ತಲೆ ಎತ್ತಿದೆ. ಅವರು ಉಳಿದ ಗೊಂಚಲನ್ನು ಬೆಳ್ಳಿಗೂದಲಿಗೆ ಮುಡಿದುಕೊಳ್ಳುತ್ತಿದ್ದರು.

ಮುಗಿದ ಮೇಲೆ ಕುರ್ಚಿಗಳನ್ನು ಮಡಚುತ್ತಿದ್ದ ನನ್ನ ಹತ್ತಿರ ಮೇಡಂ ಬಂದರು. "ಎಷ್ಟು?"

"ಗೊತ್ತಿಲ್ಲ ಮೇಡಂ."

"ಸುಳ್ಳು ಹೇಳಬೇಡ. ಡ್ರೈಯರ್ ಲೆಕ್ಕ ಇಡುವವಳು ನೀನು."

"ಪ್ರತಿಯೊಂದನ್ನೂ ನಾನೇ ಮೊದಲು ಹೇಳಿಬಿಟ್ಟಿದ್ದೆ. ಯಾವುದು ನಿಮಗೆ ನೆನಪಿತ್ತು, ಯಾವುದು ಇರಲಿಲ್ಲ ಅಂತ ಹೇಗೆ ಗೊತ್ತಾಗಬೇಕು?"

"ನನಗೂ ಗೊತ್ತಿಲ್ಲ," ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಕುರ್ಚಿಯ ಇನ್ನೊಂದು ತುದಿಯನ್ನು ಹಿಡಿದರು.

ಎರಡು ವರ್ಷದ ನಂತರ ಇವತ್ತು ಡೈರಿಯಲ್ಲಿ ಆ ಭಾನುವಾರದ ಪುಟ ತೆರೆದು ನೋಡಿದೆ. ಪ್ರೇಕ್ಷಕರು, ನೂರ ಏಳು. ಭಾವ ತಪ್ಪಿದ ಸ್ಲೈಡ್, ಒಂಬತ್ತು. ಮೇಡಂ ಎಂದು ಬರೆದಿದ್ದೇನೆ, ಅದರ ಮುಂದಿನ ಜಾಗ ಖಾಲಿ. ಸೊನ್ನೆ ಹಾಕಬಹುದಿತ್ತೇನೋ. ಆದರೆ ಸೊನ್ನೆಯೂ ಎಣಿಸಿದ ಮೇಲೆ ಬರೆಯುವ ಅಂಕಿಯೇ.