ಹಳೆ ಗಾಡಿಯ ಹೊಗೆ ಬಿಡಿಸುವ ರಸೂಲಸಾಬ

ರಾತ್ರಿಯೆಲ್ಲ ಬೀಸಿದ ಮೂಡಗಾಳಿ ಬೆಳಗಿನ ಜಾವಕ್ಕೆ ನಿಂತಿದೆ. ಅದು ಬಿಟ್ಟು ಹೋದ ಜಾಗದಲ್ಲಿ ಚಳಿ ಬಂದು ಕುಳಿತಿದೆ. ಝಳಕಿಯ ಹೆದ್ದಾರಿ ಮಂಜಿನಲ್ಲಿ ಮುಳುಗಿದೆ. ಲಾರಿಯ ಸದ್ದು ಮೊದಲು ಬರುತ್ತದೆ, ದೀಪ ಆಮೇಲೆ, ಲಾರಿ ಕೊನೆಗೆ. ಇಂಥ ಮುಂಜಾನೆ ಹಳೆಯ ಕಾರುಗಳಿಗೆ ಆಗಿಬರುವುದಿಲ್ಲ. ಮುದುಕರ ಹಾಗೆ ಅವೂ ಕೆಮ್ಮುತ್ತವೆ. ಆ ಕೆಮ್ಮು ಕೇಳಿಯೇ ರಸೂಲಸಾಬ ಹೊದ್ದ ಶಾಲನ್ನು ಮಡಚಿ ಗೂಟಕ್ಕೆ ಹಾಕಿ, ತಗಡಿನ ಶೆಡ್ಡಿನಿಂದ ಹೊರಗೆ ಬರುತ್ತಾರೆ. ಫಜರ್ ನಮಾಜಿಗೆ ತೊಳೆದ ಕೈಗಳು ಇನ್ನೂ ತಣ್ಣಗಿವೆ.

ಬಂದು ನಿಂತದ್ದು ಹೊರ್ತಿಯ ಸುಂದರವ್ವನ ಬಿಳಿ ಮಾರುತಿ. ಗಂಡ ತೀರಿಕೊಂಡ ಮೇಲೆ ಸುಂದರವ್ವ ತಾವೇ ಗಾಡಿ ಕಲಿತು, ಹಿಂದಿನ ಸೀಟು ಕಿತ್ತುಹಾಕಿ, ಅಲ್ಲಿ ಲಿಂಬೆ ಚೀಲ ತುಂಬಿ ಇಂಡಿ ಊರಿನ ಪ್ಯಾಟೆಗೆ ಒಯ್ಯುತ್ತಾರೆ. ಗಾಡಿಯ ಆಯುಷ್ಯ ಕಾಗದದ ಮೇಲೆ ಮುಗಿದಿದೆ. ನಾಳೆ ವಿಜಯಪುರದಲ್ಲಿ ನೋಂದಣಿ ಮುಂದುವರಿಸಿಕೊಳ್ಳಬೇಕು. ಹೊಗೆ ತಪಾಸಣೆಯಲ್ಲಿ ಪಾಸಾದ ಚೀಟಿ ಇಲ್ಲದಿದ್ದರೆ ಅಲ್ಲಿ ಯಾರೂ ಗಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಹೋದ ವಾರ ಅದು ಫೇಲಾಗಿದೆ.

"ರಸೂಲಣ್ಣಾ, ಇವತ್ತೂ ಪಾಸ್ ಆಗಲಿಲ್ಲಂದ್ರ ಗುಜರಿಯಾಂವ ಬಾಗಲಕ್ಕ ಬಂದು ನಿಂದರ್ತಾನ. ಲಿಂಬಿ ಚೀಲ ತಲಿ ಮ್ಯಾಲ ಹೊತ್ಕೊಂಡು ಇಂಡಿಗೆ ಹೋಗೂದಾಕ್ಕೈತಿ ನಾ."

"ಅಂವಗ ಚಾ ಕುಡಿಸಿ ಕಳಿಸು ಯವ್ವಾ. ಇದಕ್ಕಿನ್ನೂ ಉಸಿರೈತಿ."

ಉಸಿರು ನೋಡುವುದೇ ರಸೂಲಸಾಬರ ಕೆಲಸ. ಹುಡುಗನಾಗಿದ್ದಾಗ ಸೊಲ್ಲಾಪುರದ ಗ್ಯಾರೇಜೊಂದರಲ್ಲಿ ನಟ್ಟು ತೊಳೆಯುತ್ತ ಕಲಿತ ವಿದ್ಯೆ. ಈಗಿನ ಗಾಡಿಗಳ ಹೊಟ್ಟೆಯಲ್ಲಿ ಕಂಪ್ಯೂಟರ್ ಇದೆ. ಅವುಗಳ ತಂಟೆಗೆ ಅವರು ಹೋಗುವುದಿಲ್ಲ. ಕಾರ್ಬೊರೇಟರ್ ಇರುವ ಹಳೆಯ ಕಾರು, ಜೀಪುಗಳು ಮಾತ್ರ ಇಂಡಿ, ಸಿಂದಗಿಯಿಂದ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದಲೂ ಈ ಶೆಡ್ಡು ಹುಡುಕಿಕೊಂಡು ಬರುತ್ತವೆ. ದೆವ್ವ ಬಿಡಿಸಿದ ಹಾಗೆ ಇವರು ಹೊಗೆ ಬಿಡಿಸುತ್ತಾರೆ. ಆದರೆ ಬಿಟ್ಟಿತೋ ಇಲ್ಲವೋ ಎಂದು ಹೇಳುವವರು ಇವರಲ್ಲ. ಹೇಳುವವನು ರಸ್ತೆಯ ಆಚೆ ಇದ್ದಾನೆ.

ಅಲ್ಲಿ ಪೆಟ್ರೋಲ್ ಪಂಪಿನ ಪಕ್ಕ ಧರ್ಮರಾಜನ ಹೊಗೆ ತಪಾಸಣೆಯ ವ್ಯಾನು ನಿಲ್ಲುತ್ತದೆ. ಇಸ್ತ್ರಿ ಮಾಡಿದ ಅಂಗಿ, ಮಸಿ ಕಾಣದ ಉಗುರು. ಗಾಡಿಯ ಹೊಗೆ ಕೊಳವೆಗೆ ನಳಿಗೆ ತೂರಿಸುತ್ತಾನೆ, ಮಷೀನು ಅಂಕಿ ತೋರಿಸುತ್ತದೆ, ಚೀಟಿ ಹೊರಬರುತ್ತದೆ. ಗಾಡಿಯವರು ಕೈ ಮುಗಿದು ಹೇಳುವ ಮಾತೊಂದೇ: "ಧರ್ಮರಾಜಪ್ಪಾ, ನಿನ್ನ ಕೈಗುಣ ಚಲೋ ಐತಿ."

ಕೈಗುಣ. ಈ ಸೀಮೆಯಲ್ಲಿ ಡಾಕ್ಟರಿಗೆ ಹೇಳುತ್ತಾರೆ, ಸೂಲಗಿತ್ತಿಗೆ ಹೇಳುತ್ತಾರೆ, ಬಿತ್ತಿಗೆಗೆ ಮೊದಲ ಕಾಳು ಹಾಕುವವರಿಗೆ ಹೇಳುತ್ತಾರೆ. ಗಾಡಿಯ ಕೆಳಗೆ ಮಲಗಿ ಮೈಕೈಗೆ ಎಣ್ಣೆ ಬಳಿದುಕೊಂಡವರಿಗೆ ಒಬ್ಬರೂ ಹೇಳಿಲ್ಲ. ಪರಿಸರ ದಿನಕ್ಕೆ ಊರಿನ ತರುಣ ಸಂಘದವರು ಧರ್ಮರಾಜನಿಗೆ ಶಾಲು ಹೊದಿಸಿದಾಗ ರಸೂಲಸಾಬ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ್ದಾರೆ. ಕೈಗೆ ಬಂದ ಲಾಡು ಗಂಟಲಿನಲ್ಲಿ ಇಳಿಯಲಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

"ಸುಳ್ಳ್ಯಾಕ ಹೇಳ್ಲಿ? ಹೊಟ್ಟಿ ಉರೀತೈತ್ರಿ. ನಾ ಅಡಗಿ ಮಾಡ್ತೇನಿ, ಅಂವ ನೀಡ್ತಾನ. ಉಂಡಾವ್ರು ನೀಡಿದಾಂವಗ ಹಾಡಿ ಹೊಗಳ್ತಾರ."

ಮನೆಯಲ್ಲಿ ಹೆಂಡತಿ ಮೆಹರಾಜ ಬಿಡುವುದಿಲ್ಲ. "ಅಲ್ರೀ, ಗಾಡಿ ಹೊಗಿ ಬಿಡಸ್ತೀರಿ. ನಿಮ್ಮ ಹೊಟ್ಟ್ಯಾಗಿನ ಹೊಗಿ ಅಳಿಯಾಕ ಯಾವ ಮಷೀನ್ ತರೂಣು?"

"ಅದಕ್ಕೂ ಧರ್ಮರಾಜನ್ನ ಕರಿ. ಅವನ ಕೈಗುಣ ಚಲೋ ಐತಂತ."

ಹೀಗೆ ಉರಿಯುವ ಹೊಟ್ಟೆಯೊಂದಿಗೇ ಅವರು ಸುಂದರವ್ವನ ಗಾಡಿಯೊಳಗೆ ಕೂರುತ್ತಾರೆ. ಸ್ಟೇರಿಂಗಿನ ಕೆಳಗಿನ ಗುಂಡಿಯೊಂದಕ್ಕೆ ಕೆಂಪು ಬಟ್ಟೆಯ ಗಂಟು ನೇತಾಡುತ್ತಿದೆ. ವಿಭೂತಿ ಗಟ್ಟಿ, ದರ್ಗಾದಲ್ಲಿ ಕೊಟ್ಟ ಊದಿ ಎಂಬ ಬೂದಿ, ಎರಡೂ ಒಂದೇ ಗಂಟಿನಲ್ಲಿ. ಹೋದ ವಾರ ಫೇಲಾದ ಮೇಲೆ ಗಾಡಿಗೆ ಕಣ್ಣು ತಾಗಿದೆಯೆಂದು ಸುಂದರವ್ವ ಕಟ್ಟಿದ್ದು. ಎಣ್ಣೆ ಕೈ ತಾಗಬಾರದೆಂದು ರಸೂಲಸಾಬ ಅದನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಶಾಲಿನ ಗೂಟಕ್ಕೆ ಹಾಕುತ್ತಾರೆ. ಆಮೇಲೆ ಕೆಲಸ. ಗಾಳಿ ಸೋಸುವ ಫಿಲ್ಟರ್ ಕೊಡವಿದರೆ ಹೊರ್ತಿಯ ಅರ್ಧ ಹೊಲ ಕೆಳಗೆ ಬೀಳುತ್ತದೆ. ಪ್ಲಗ್ಗಿನ ಮಸಿ ಕೆರೆಯುತ್ತಾರೆ, ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಾರೆ, ಸ್ಕ್ರೂ ತಿರುವುತ್ತ ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಾರೆ. ಕೆಮ್ಮು ನಿಲ್ಲುತ್ತದೆ. ಮಗು ನಿದ್ದೆಹೋದ ಹಾಗೆ ಗಾಡಿ ಉಸಿರಾಡುತ್ತದೆ.

ಕೈ ತೊಳೆದುಕೊಂಡು, ದೇವರ ಗಂಟನ್ನು ಮತ್ತೆ ಕಣ್ಣಿಗೊತ್ತಿಕೊಂಡು, ಇದ್ದಲ್ಲಿಯೇ ಭಕ್ತಿಯಿಂದ ಕಟ್ಟುತ್ತಾರೆ. ತಾವೇ ಓಡಿಸಿಕೊಂಡು ರಸ್ತೆ ದಾಟುತ್ತಾರೆ.

ಮಷೀನು ಫೇಲ್ ಅನ್ನುತ್ತದೆ.

"ನಿನ್ನ ಮಷೀನಿಗೆ ಕಣ್ಣು ಬಂದಾವ, ನೆಟ್ಟಗ ಕಾಣವಲ್ದು ನೋಡು," ಎನ್ನುತ್ತಾರೆ ರಸೂಲಸಾಬ. ದನಿಯಲ್ಲಿ ನಗೆಯಿಲ್ಲ.

"ಕಾಕಾ, ನಾ ಏನ್ ಮಾಡ್ಲಿ? ಅದು ತೋರಿಸಿದ್ದು ನಾ ಹೇಳಾಕತ್ತೇನಿ."

 ಸುಂದರವ್ವ ಸೆರಗು ಬಾಯಿಗೆ ಹಿಡಿದು, ಪಕ್ಕದ ಬಸಂತರಾಯನ ಚಹಾದಂಗಡಿಯ ಬಾಕಿನ ಮೇಲೆ ಹೋಗಿ, ಗಾಡಿಗೆ ಬೆನ್ನು ಮಾಡಿ ಕೂರುತ್ತಾರೆ. ರಸೂಲಸಾಬ ಅಲ್ಲಿಯೇ, ವ್ಯಾನಿನ ಮುಂದೆಯೇ ಬಾನೆಟ್ ಎತ್ತುತ್ತಾರೆ. ಶೆಡ್ಡಿನಲ್ಲಿ ಸರಿಯಿದ್ದ ಉಸಿರು ಇಲ್ಲಿ ಮತ್ತೆ ಕಟ್ಟಿದೆ. ಎಲ್ಲಿ ತಪ್ಪಿದೆ, ತಿಳಿಯುತ್ತಿಲ್ಲ. ಧರ್ಮರಾಜ ನೋಡುತ್ತಿದ್ದಾನೆಂಬುದೊಂದೇ ತಿಳಿಯುತ್ತಿದೆ.

ಧರ್ಮರಾಜ ನಳಿಗೆ ಕೆಳಗಿಟ್ಟು ಕಿಟಕಿಯಲ್ಲಿ ಬಗ್ಗುತ್ತಾನೆ. "ಕಾಕಾ, ಈ ದೇವರನ್ನ ಚೋಕಿಗೆ ಯಾರು ನೇತುಹಾಕಿದ್ರು?"

ಚೋಕು ಚಳಿಯಲ್ಲಿ ಇಂಜಿನ್ ಹೊತ್ತಿಸಲು ಎಳೆಯುವ ಗುಂಡಿ. ಅದು ಹೊರಗೆ ಬಂದಷ್ಟೂ ಇಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು, ಹೊಗೆ ಹೆಚ್ಚು. ಶೆಡ್ಡಿನ ಕೆಲಸದಲ್ಲಿ ಗಂಟಿಲ್ಲದೆ ಒಳಗೆ ಸರಿದಿದ್ದ ಅದು ಈಗ ಗಂಟಿನ ಭಾರಕ್ಕೆ ಮತ್ತೆ ಬೆರಳಿನಷ್ಟು ಜಗ್ಗಿ ನಿಂತಿದೆ. ವಾರವಿಡೀ ಯಾರ ಕಣ್ಣಿಗೂ ಬೀಳದ್ದು ಅಲ್ಲಿಯೇ ಇತ್ತು. ರಸೂಲಸಾಬರು ತಮ್ಮ ಕೈಯಾರೆ, ಕಣ್ಣಿಗೊತ್ತಿಕೊಂಡು, ಅದನ್ನು ಅಲ್ಲಿಗೇ ಮರಳಿ ಕಟ್ಟಿದ್ದಾರೆ. ಧರ್ಮರಾಜ ಗಂಟು ಬಿಡಿಸಿ ಕನ್ನಡಿಗೆ ಹಾಕಿ, ಗುಂಡಿಯನ್ನು ಒಳಗೆ ದೂಡಿ, ವ್ಯಾನಿನ ಕಡೆ ನಡೆಯುತ್ತಾನೆ. ಇಂಜಿನ್ ಸದ್ದು ತಿಳಿಯಾಗುತ್ತದೆ. ಈ ಬಾರಿ ಮಷೀನು ಪಾಸ್ ಅನ್ನುತ್ತದೆ.

ಸದ್ದು ತಿಳಿಯಾದದ್ದನ್ನು ಕೇಳಿ ಸುಂದರವ್ವ ತಿರುಗಿ ನೋಡಿದಾಗ ಬಾನೆಟ್ಟಿನ ಮೇಲೆ ಬಾಗಿದ್ದವರು ರಸೂಲಸಾಬರೊಬ್ಬರೇ. ಚೀಟಿ ಕೈಗೆ ಬಂದ ಕೂಡಲೇ, ಚಹಾದಂಗಡಿಯಲ್ಲಿ ಇದ್ದಬದ್ದವರೆಲ್ಲ ಕೇಳುವ ಹಾಗೆ ಹೇಳುತ್ತಾರೆ: "ಜನ ಏನರ ಅನ್ಲಿ ರಸೂಲಣ್ಣಾ. ಕೈಗುಣ ಅಂದ್ರ ನಿಂದು."

"ಖರೇ ಬಿಡು," ಎನ್ನುತ್ತಾನೆ ಬಸಂತರಾಯ, ಚಹಾ ಸೋಸುವ ಅರಿವೆ ಹಿಂಡುತ್ತ.

ಇಷ್ಟು ವರ್ಷ ಕಾದ ಮಾತು ಕಿವಿಯೊಳಗೆ ಬಿಸಿ ಹಾಲಿನಂತೆ ಇಳಿಯುತ್ತದೆ. ರಸೂಲಸಾಬ ಧರ್ಮರಾಜನ ಕಡೆ ನೋಡುತ್ತಾರೆ. ಅವನು ತಲೆ ತಗ್ಗಿಸಿ ನಳಿಗೆ ಸುತ್ತುತ್ತಿದ್ದಾನೆ. ಚೋಕು ಕಂಡುಹಿಡಿದದ್ದು ತಾನೆಂದು ಒಂದು ಮಾತು ಆಡಿದ್ದರೆ ಸಿಟ್ಟಾದರೂ ಬರುತ್ತಿತ್ತು. ಸುಮ್ಮನಿರುವುದರಲ್ಲೂ ಈ ಹುಡುಗನೇ ತಮ್ಮನ್ನು ಮೀರಿಸಿದನಲ್ಲ ಎಂದು ಹೊಟ್ಟೆ ಇನ್ನೊಮ್ಮೆ ಉರಿಯುತ್ತದೆ. ಆ ಉರಿಯಲ್ಲಿಯೇ ದೇವರು ಎಲ್ಲಿಂದಲೋ ಮಾತಾಡಿಸುತ್ತಾನೆ ಅನ್ನಬೇಕು.

ಸುಂದರವ್ವ ಗಾಡಿ ಏರಿದ್ದಾರೆ. ರಸೂಲಸಾಬ ಕಿಟಕಿಗೆ ಬಾಗಿ, ದನಿ ತಗ್ಗಿಸಿ ಹೇಳುತ್ತಾರೆ:

"ಯವ್ವಾ, ದೇವರ ಗಂಟು ಇನ್ನ ಕನ್ನಡಿಗೇ ಇರಲಿ. ಚೋಕು ಜಗ್ಗಿತ್ತು. ನೋಡಿದಾಂವ ಧರ್ಮರಾಜ, ನಾ ಅಲ್ಲ. ಆ ಮಾತು ಅವಂದು, ಅವಗ ಹೇಳಿ ಹೋಗು."

"ಮತ್ತ ಮುಂಜಾನಿಂದ ನೀ ದುಡದದ್ದು?"

"ಕೈಗುಣ ಅವಂದು ಯವ್ವಾ. ಕೈ ನಂದು."