ಹುಣಸೆಹಣ್ಣಿನಲ್ಲಿ ತೊಳೆದ ಮೇಜು

ಇವತ್ತು ಬೆಳಿಗ್ಗೆ ನಮ್ಮ ಹಳೇ ಮೇಜಿಗೆ ಪಾಲಿಶ್ ಹಾಕಲು ಬಂದವನು ಡಬ್ಬಿಯ ಮುಚ್ಚಳ ತೆರೆದದ್ದೇ ತಡ, ಆ ವಾಸನೆ ನನ್ನನ್ನು ಅರಸೀಕೆರೆಯ ಮನೆಯಂಗಳಕ್ಕೆ ಎಳೆದೊಯ್ದಿತು.

ಅಪ್ಪ ರೈಲ್ವೆಯಲ್ಲಿ ಗುಮಾಸ್ತರು. ತಮ್ಮ ದೇಶಕ್ಕೆ ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬರು ತಮ್ಮ ಮಹಾಗನಿ ಮರದ ಮೇಜನ್ನು ಅಪ್ಪನಿಗೆ ಕೊಟ್ಟಿದ್ದರು. ಗಾಡಿಯಿಂದ ಇಳಿಸಿದಾಗ ಅದರ ಕೆಂಪು ಮೈಯಲ್ಲಿ ನನ್ನ ಮುಖ ಕಾಣುತ್ತಿತ್ತು. "ಇದ್ರ ಮೇಲೆ ನೀನು ಓದ್ಕೋಬೇಕು ಕಣೇ" ಎಂದು ಅಪ್ಪ ಹೆಗಲ ವಲ್ಲಿಯಿಂದ ಧೂಳು ಒರೆಸಿದರು.

ಅಜ್ಜಿ ಹೊಸಿಲು ದಾಟಗೊಡಲಿಲ್ಲ. "ಅದ್ರ ಮೇಲೆ ಅವ್ರು ಏನೇನ್ ಮಾಂಸ ತಿಂದಿದ್ರೋ! ತೊಳೀದೆ ಒಳಕ್ಕೆ ಬರಂಗಿಲ್ಲ ಕಣ್ಲಾ."

ಗಂಜಲ ಚಿಮುಕಿಸಿ, ಪೂಜೆಯ ತಂಬಿಗೆ ಬೆಳಗುವ ಹಾಗೆ ಹುಣಸೆಹಣ್ಣು, ತೆಂಗಿನ ನಾರು ಹಾಕಿ ಉಜ್ಜಿದರು. ಕೊಡಗಟ್ಟಲೆ ನೀರು ಸುರಿದು, ಕೊಬ್ಬರಿಯ ಪಕ್ಕದಲ್ಲೇ ಬಿಸಿಲಿಗೆ ಬಿಟ್ಟರು. ಹೊಳಪೆಲ್ಲ ಬೂದಿ ಬಳಿದಂತೆ ಬಿಳಿಚಿಕೊಂಡಿತು. ನಾನು ಅಪ್ಪನ ಪಂಚೆ ಜಗ್ಗಿದೆ. ಆಫೀಸಿನಲ್ಲಿ ದೊರೆಗಳ ಜೊತೆ ಇಂಗ್ಲಿಷ್ ಮಾತಾಡುತ್ತಿದ್ದ ಅಪ್ಪ ಹೆತ್ತವ್ವ ಹೇಳಿದಂತೆ ಮೇಜನ್ನು ಇನ್ನಷ್ಟು ಬಿಸಿಲಿಗೆ ಸರಿಸಿದರು. ಮಧ್ಯಾಹ್ನ ಟಪ್ಪೆಂದು ಸದ್ದಾಯಿತು. ಹಲಗೆ ಉದ್ದಕ್ಕೂ ಸೀಳಿತ್ತು.

"ಈಗ ಚೊಕ್ಕ ಆಯ್ತು, ಒಳಕ್ ತಗೊಂಡ್ ಬಾ ಮಗ" ಎಂದು ಅಜ್ಜಿ ಬೆವರು ಒರೆಸಿಕೊಂಡರು.

"ಆಯ್ತು ಕಣವ್ವ" ಎಂದರು ಅಪ್ಪ.

ಪಾಲಿಶಿನವನು ಅದೇ ಸೀಳಿನ ಮೇಲೆ ಬೆರಳಾಡಿಸಿ, "ಇಂಥ ಮರಾನ ಯಾರು ಅಮ್ಮಾವ್ರೆ ಹಿಂಗ್ ಹಾಳ್ಮಾಡಿದ್ದು?" ಎಂದು ಕೇಳಿದ.

ಗೋಡೆಯ ಮೇಲಿದ್ದ ಅಜ್ಜಿಯ ಫೋಟೊ ನೋಡಿದೆ.

"ಬಿಸಿಲು ಕಣಪ್ಪ" ಎಂದೆ.