ಸಂಗವ್ವತ್ತಿಯ ಗೋಡೆ ಬುಡ

ನಿನ್ನೆ ಪೇಂಟಿನವನು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಡಾಂಬರಿನ ಘಾಟು ಮೂಗಿಗೆ ಬಡಿಯಿತು. ನಮ್ಮ ಮನೆಯ ಹೊರಗೋಡೆಯ ಬುಡ ಹಸಿ ಹಿಡಿದಿದೆ; ಅದಕ್ಕೆ ಬಳಿಯುವ ಕಪ್ಪು ಔಷಧವಂತೆ. ಆ ವಾಸನೆಗೆ ನಿಮಗೆ ತಲೆನೋವು ಬರಬಹುದು. ನನಗೋ ಕುಣಿಯುವಷ್ಟು ಹುರುಪು ಬಂತು, ಮಾದನಹಿಪ್ಪರಗಾದ ಸಂಗವ್ವತ್ತಿಯೇ ಎದುರು ನಿಂತ ಹಾಗೆ.

ಸಂಗವ್ವತ್ತಿ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೂ ಎರಡು ಖೋಲಿಯ ಮಣ್ಣಿನ ಮನೆಯಲ್ಲಿ ಒಬ್ಬಳೇ ರಾಣಿಯಂತಿದ್ದಳು. ಆಳಂದದ ಕಾಲೇಜಿಗೆ ರಜೆ ಬಿಟ್ಟರೆ ನಾನು ಬಸ್ಸು ಹತ್ತಿ ನೇರ ಅಲ್ಲಿಗೇ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವಳ ಬೀದಿಗೋಡೆಯ ಬುಡ ಹಪ್ಪಳದಂತೆ ಉದುರುತ್ತಿತ್ತು. ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: “ಈ ಮಳಿಗಾಲ ಗ್ವಾಡಿ ತಡಿಯೂದಿಲ್ಲ ತಂಗಿ. ಮಿರಗದ ಮಳಿ ಹೊತ್ತಿಗೆ ಗಾಡಿ ತರ್ತೇನಿ. ಸಾಮಾನು ಹೇರಿ ನಮ್ಮನಿಗೆ ಬಂದುಬಿಡು.”

“ಅಣ್ಣನ ಮನಿ ಅಣ್ಣಂದು, ನನ್ನ ಮನಿ ನಂದು!” ಎಂದು ಅತ್ತಿ ಅವನು ಹೋದ ಮೇಲೆ ನನ್ನ ಮುಂದೆ ಗುಡುಗಿದಳು. ಇನ್ನೊಬ್ಬರ ಒಲೆಯ ಮುಂದೆ ಕೈಯೊಡ್ಡಿ ಕೂರುವುದು ಅವಳ ಜಾಯಮಾನವಲ್ಲ.

ರಸ್ತೆ ಕೆಲಸದವರನ್ನು ಕಾಡಿ ಬೇಡಿ ಒಂದು ಡಬ್ಬಿ ಡಾಂಬರು ತಂದಳು. ಅಂಗಳದಲ್ಲೇ ಕಾಸಿ, ಹಳೆಯ ಕಸಬರಿಗೆ ಅದ್ದಿ, ಗೋಡೆಗೆ ಮೊಣಕಾಲುದ್ದ ಬಳಿದೆವು. ಓಣಿಗೆ ಓಣಿಯೇ ನೆರೆಯಿತು. ಎದುರುಮನೆಯ ಖಾಸಿಂಬಿ ನಕ್ಕು ನಕ್ಕು ಸಾಕಾಗಿ, “ಏನ್ ಸಂಗವ್ವಾ, ಮನಿಗೆ ಕಾಲ್ಮರಿ ಹಾಕಾಕತ್ತಿಯೇನಬೇ?” ಎಂದಳು. ಕಾಲ್ಮರಿ ಎಂದರೆ ನಮ್ಮ ಕಡೆ ಚಪ್ಪಲಿ.

ವಾರವೂ ಆಗಲಿಲ್ಲ. ಹೊರಗೆ ಹಾದಿ ಸಿಗದ ತೇವ ಒಳಗೋಡೆಯಲ್ಲಿ ಎದೆಮಟ್ಟ ಏರಿತು. ಇನ್ನೂ ಮಳೆಯೇ ಬಂದಿರಲಿಲ್ಲ! ಹಾಗಾದರೆ ನೀರು ಎಲ್ಲಿಯದು?

ನಮ್ಮ ಕಡೆ ಹೆಂಗಸರು ಬೆಳಗೆದ್ದು ಬಾಗಿಲ ಮುಂದೆ ಸೆಗಣಿ ನೀರು ಹಾಕುತ್ತಾರಲ್ಲ, ಅದಕ್ಕೆ ಥಳಿ ಹೊಡೆಯುವುದು ಎನ್ನುತ್ತಾರೆ. ಅತ್ತಿಯದು ಚಿಮುಕಿಸುವ ಥಳಿಯಲ್ಲ. ಬೀದಿಯಲ್ಲಿ ನಿಂತು ಮನೆಯ ಕಡೆಗೆ ಕೊಡಗಟ್ಟಲೆ ಎರಚುತ್ತಿದ್ದಳು. ಅಂಗಳ ಗೋಡೆಯತ್ತಲೇ ಇಳಿಜಾರು. ಅಲ್ಲಿಯ ಕಪ್ಪು ಎರಿಮಣ್ಣು ಅಷ್ಟೂ ನೀರು ತಾನು ಕುಡಿದು ಗೋಡೆಗೂ ಕುಡಿಸುತ್ತಿತ್ತು. ಮರುದಿನ ಕೊಡ ಎತ್ತಿದವಳು ಹಾಗೇ ನಿಂತು, ನೀರು ಹರಿಯುವ ದಾರಿ ನೋಡಿ ಹಣೆ ಬಡಿದುಕೊಂಡಳು. “ಅಯ್ಯ ಶಿವನೇ! ಮನಿಗೆ ಒಳ್ಳೇದಾಗ್ಲಿ ಅಂತ ದಿನಾ ನಾನೇ ಮನಿ ಕೆಡವಾಕತ್ತೇನಿ ನೋಡವ್ವಾ!”

ಆಮೇಲೆ ನಮ್ಮನ್ನು ನೋಡಬೇಕಿತ್ತು ನೀವು! ಗೋಡೆಗುಂಟ ಎರಿಮಣ್ಣು ತೋಡಿ ಗುಂಪಿ ಹಾಕಿದೆವು. ಆ ಜಾಗಕ್ಕೆ ನೀರು ಹಿಡಿದಿಡದ ಗರಸುಕಲ್ಲು ತುಂಬಿ ಬಡಿದು, ಮೇಲೆ ಫರಸಿ ಕಲ್ಲುಗಳನ್ನು ಬೀದಿಯತ್ತ ಇಳಿಜಾರಾಗಿ ಹಾಸಿದೆವು. ಡಾಂಬರು ಕೆರೆದು ಗೋಡೆಗೆ ಗಾಳಿ ಬಿಟ್ಟೆವು. ನನ್ನ ಅಂಗೈ ತುಂಬ ಬೊಬ್ಬೆ, ಬಾಯಿ ತುಂಬ ನಗು. ಥಳಿಯೇನೂ ನಿಲ್ಲಲಿಲ್ಲ. ಗೋಡೆಗೆ ಬೆನ್ನು ಮಾಡಿ ಬೀದಿಗೆ ಎರಚತೊಡಗಿದಳು. ಹಾದುಹೋಗುವವರು ಹುಷಾರಾಗಿರಬೇಕಾಯಿತು ಅಷ್ಟೆ.

ಮಿರಗದ ಮಳೆ ನಾಲ್ಕಾರು ದಿನ ಜಡಿಯಿತು. ಬಿಟ್ಟ ಕೂಡಲೇ ಅಪ್ಪ ಗಾಡಿ ಕಟ್ಟಿಕೊಂಡು ಬಂದೇಬಿಟ್ಟ. ಅತ್ತಿ ಅವನನ್ನು ಅದೇ ಗೋಡೆಗೆ ಒರಗಿಸಿ ಕೂರಿಸಿ ಚಹಾ ಕೊಟ್ಟಳು. ಅವನು ಎದ್ದಾಗ, “ಅಣ್ಣಾ, ಒಂದೀಟು ತಿರುಗು” ಎಂದಳು. ನಾನೂ ಬಗ್ಗಿ ನೋಡಿದೆ. ಬಿಳಿ ಅಂಗಿಯ ಬೆನ್ನ ಮೇಲೆ ಹಸಿಯ ಒಂದು ಕಲೆಯೂ ಇಲ್ಲ!

ಅಪ್ಪ ಗೋಡೆಯನ್ನು ಸವರಿ ಸವರಿ ನೋಡಿದ. “ಮತ್ತ ಬರೇ ಗಾಡಿ ಹೊಡಕೊಂಡು ಹೋಗ್ಲೇನು?”

“ಬರೇ ಯಾಕ ಹೋಗ್ತೀ? ಎರಿಮಣ್ಣು ಗುಂಪಿ ಬಿದ್ದದ. ಹೇರ್ಕೊಂಡು ಹೋಗು.”

ಅವಳು ಕೊನೆಯವರೆಗೂ ಆ ಮನೆಯಲ್ಲೇ ಇದ್ದಳು.

ಪೇಂಟಿನವನಿಗೆ ಸ್ವಲ್ಪ ತಡೆಯಲು ಹೇಳಿ ಹೊರಗೆ ಹೋದೆ. ಗೋಡೆಗುಂಟ ನಾನೇ ಹೆಮ್ಮೆಯಿಂದ ಬೆಳೆಸಿದ ಮಲ್ಲಿಗೆಯ ಪಾತಿ; ಮುಂಜಾನೆ ಬಿಟ್ಟ ನೀರು ಇನ್ನೂ ತುಂಬಿ ನಿಂತಿತ್ತು. ಸೆರಗು ಸಿಕ್ಕಿಸಿಕೊಂಡೆ. “ಸಲಿಕಿ ಎಲ್ಲಿಟ್ಟೀರಿ?” ಎಂದು ಮನೆಯವರನ್ನು ಕೂಗಿದೆ. ಓಣಿಯವರೆಲ್ಲ ಹೊರಗೆ ಬಂದು ನೋಡುವಷ್ಟು ಜೋರಾಗಿ.